ಕಾಗದದ ಗಿಡದ ಮೊಗ್ಗು ಕಾಯ್ದ ವರ್ಷ

ಸರ್ಕಾರಿ ಅತಿಥಿಗೃಹವೊಂದರ ತೋಟದಲ್ಲಿ ಮೂವತ್ತನಾಲ್ಕು ವರ್ಷ ಮಾಲಿಯಾಗಿದ್ದು, ಎರಡು ವರ್ಷದ ಹಿಂದೆ ನಿವೃತ್ತನಾದೆ. ಯಾವಾಗ ಕಾಯಂ ಆದೆ, ಯಾವಾಗ ಹೆಡ್ ಮಾಲಿಯಾದೆ ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದರಲ್ಲಿ ಇಲ್ಲದ್ದನ್ನು, ಈಗ ಈ ಕೆಲಸಕ್ಕೆ ಸೇರುತ್ತಿರುವವರು ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚಿನವು ನನ್ನ ತಪ್ಪುಗಳೇ. ಸರಿಯಾಗಿ ಮಾಡಿದ ಕೆಲಸ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ನನ್ನ ನೆನಪಿನಲ್ಲೂ ಉಳಿದಿಲ್ಲ.

ಜಮಖಂಡಿ ಹತ್ತಿರದ ಆ ಅತಿಥಿಗೃಹವನ್ನು ಜನ ಐಬಿ ಎನ್ನುತ್ತಾರೆ. ತುಬಚಿಯ ಏತ ನೀರಾವರಿ ನೋಡಲು ಬಂದ ಎಂಜಿನಿಯರರು, ಮುಧೋಳ, ಬೀಳಗಿ ಕಡೆ ತಪಾಸಣೆಗೆ ಹೊರಟ ಅಧಿಕಾರಿಗಳು ಅಲ್ಲಿ ಇಳಿದುಕೊಳ್ಳುತ್ತಾರೆ. ತೋಟ ಅರ್ಧ ಎಕರೆ. ನೆಲ ಹರಳುಗಲ್ಲಿನ ಗರಸು, ಬೋರಿನ ನೀರು ಉಪ್ಪುಪ್ಪು ಸವಳು. ಆ ನೆಲದಲ್ಲಿ ಹೂವು ತೋರಿಸು ಎಂದರೆ ದಿನಚರಿ ಒಂದೇ ದಾರಿ.

ದಿನಚರಿ ಕಲಿಸಿದವರು ನನಗಿಂತ ಮುಂಚೆ ಹೆಡ್ ಮಾಲಿಯಾಗಿದ್ದ ಬಾಬುಸಾಬ್. ಸೋಮವಾರ ಕಳೆ, ಮಂಗಳವಾರ ಪಾತಿ, ಬುಧವಾರ ಗೊಬ್ಬರ, ಗುರುವಾರ ಕತ್ತರಿ, ಶುಕ್ರವಾರ ಕುಂಡ, ಶನಿವಾರ ಸಲಕರಣೆ ತೊಳೆಯುವುದು. ಮಣ್ಣು ಅಂಟಿದ ಸಲಿಕೆಯನ್ನು ಹಾಗೇ ಒಳಗಿಟ್ಟರೆ ಬೈಯುತ್ತಿರಲಿಲ್ಲ. ಮರುದಿನ ನಾನು ಬರುವ ಹೊತ್ತಿಗೆ ಸರಿಯಾಗಿ ಕುಳಿತು, ಆ ಸಲಿಕೆಯನ್ನು ತಾವೇ ತೊಳೆಯುತ್ತಿದ್ದರು. ನನಗೆ ಬೈಗುಳಕ್ಕಿಂತ ಅದೇ ಹೆಚ್ಚು ತಾಗುತ್ತಿತ್ತು. "ಗಿಡಾ ಗಡಿಯಾರ ನೋಡೂದಿಲ್ಲೋ, ನೀನ ನೋಡಬೇಕು" ಎನ್ನುತ್ತಿದ್ದರು. ಅವರು ಹೋದ ಮೇಲೂ ಆ ವಾರದ ಪಟ್ಟಿಯನ್ನು ನಾನು ಒಂದು ದಿನ ಆಚೀಚೆ ಮಾಡಲಿಲ್ಲ. ಅದು ನನ್ನ ಬಲ. ಕೊನೆಗೆ ಅದೇ ನನ್ನನ್ನು ಸಿಕ್ಕಿಸಿತು ಕೂಡ.

ಕಾಗದದ ಗಿಡ ನಮ್ಮ ತೋಟಕ್ಕೆ ಬಂದದ್ದು ಒಂದು ಪದ ಬಿಟ್ಟುಹೋದದ್ದರಿಂದ. ಆಗ ಐಬಿಯ ಉಸ್ತುವಾರಿಗೆ ಮೈಸೂರು ಕಡೆಯ ಸಾಹೇಬರೊಬ್ಬರು ಬಂದಿದ್ದರು. ಗೇಟಿಗೆ ಕಬ್ಬಿಣದ ಕಮಾನು ಹಾಕಿಸಿ, ಅದರ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿಸಬೇಕು ಎಂದರು. ಗೊತ್ತಲ್ಲ, ಗುಲಾಬಿ ಬಣ್ಣದ ತೆಳ್ಳಗಿನ ಹೂವು, ಮುಳ್ಳಿನ ಬಳ್ಳಿ. ನರ್ಸರಿಗೆ ಕಳಿಸುವ ಪಟ್ಟಿ ಬರೆದವನು ನಾನೇ. "ಕಾಗದದ ಗಿಡ, ಒಂದು" ಎಂದು ಬರೆದೆ. 'ಹೂವಿನ' ಎಂಬುದು ಬಿಟ್ಟುಹೋಯಿತು. ನಮ್ಮ ಕಡೆ ಬಳ್ಳಿಯಾದರೂ ಗಿಡ, ಬೇವಾದರೂ ಗಿಡ, ಹುಣಸೆಯಾದರೂ ಗಿಡ. ಬರೆಯುವಾಗ ನನಗೆ ಏನೂ ತಪ್ಪು ಕಾಣಲಿಲ್ಲ.

ಒಂದು ಸಸಿ ಬಂತು. ಗೇಟಿನ ಪಕ್ಕ ನೆಟ್ಟೆ, ಕಮಾನಿಗೆ ದಾರ ಕಟ್ಟಿದೆ. ಎಲೆ ಒರಟು, ಮರಳು ಕಾಗದ ಸವರಿದ ಹಾಗೆ. ಒಂದು ಎಲೆ ದುಂಡಗೆ, ಇನ್ನೊಂದು ಕೈಬೆರಳು ಬಿಡಿಸಿದ ಹಾಗೆ ಸೀಳು ಸೀಳು. ಬೆಳೆದದ್ದು ಮಾತ್ರ ಹುಚ್ಚು ಹಿಡಿದಂತೆ. ನಾಲ್ಕು ತಿಂಗಳಿಗೆ ಕಮಾನನ್ನು ದಾಟಿತು.

"ಏನಪ್ಪಾ, ಹೂವೆಲ್ಲಿ?" ಎಂದರು ಸಾಹೇಬರು.

"ಬರ್ತಾವ್ರಿ ಸಾಹೇಬ್ರ. ಮದಲ ಎಲಿ ಕುಂದರಬೇಕ್ರಿ."

"ಎಲೆ ಕೂತಿದೆ ಕಣಪ್ಪ, ಬೇಕಾದಷ್ಟು ಕೂತಿದೆ. ಇದು ಬಳ್ಳಿ ಅಲ್ಲ, ಮರ!"

"ಹೌದ್ರಿ, ಗಿಡಾ ಐತ್ರಿ."

"ಗಿಡ ಅಲ್ಲಯ್ಯ, ಮರ!"

"ಅದ ಅಂದ್ನಲ್ರಿ, ಗಿಡಾ ಅಂತ."

ಕೊನೆಗೆ ನರ್ಸರಿಗೆ ಫೋನು ಮಾಡಿದರೆ ಆ ಮನುಷ್ಯ, "ನೀವ ಬರದೀರಲ್ರಿ ಕಾಗದದ ಗಿಡಾ ಅಂತ? ತೊಗಟಿಯಿಂದ ಕಾಗದಾ ಮಾಡ್ತಾರಲ್ಲ, ಆ ಗಿಡಾ ಕಳಿಸೇವಿ. ಹಿಪ್ಪುನೇರಳೆ ಜಾತಿದು" ಎಂದ. ಕಾಗದದ ಹಿಪ್ಪುನೇರಳೆ ಎಂದು ಅದರ ಪೂರ್ತಿ ಹೆಸರು. ಅಂದಿನಿಂದ ಯಾವ ಪಟ್ಟಿ ಬರೆದರೂ ಗಿಡವೋ ಬಳ್ಳಿಯೋ ಎಂದು ಬಿಡಿಸಿ ಬರೆಯುತ್ತ ಬಂದೆ. ನೀವೂ ಹಾಗೇ ಮಾಡಿ.

ಕಿತ್ತೆಸೆಯಲು ಮನಸ್ಸಾಗಲಿಲ್ಲ. ಎಲೆ ಉದುರಿದ ಪುಷ್ಯ ಮಾಸದಲ್ಲಿ ಅಗೆದು, ಹಿಂಭಾಗದ ಸಿಬ್ಬಂದಿ ಕೋಣೆಗಳ ಎದುರು ನೆಟ್ಟೆ. ಅದು ಬದುಕಿತು. ಆದರೆ ಗೇಟಿನ ಬಳಿ ಉಳಿದುಹೋದ ಬೇರುಗಳೂ ಬದುಕಿದವು. ಒಂದು ತಿಂಗಳಲ್ಲಿ ಅಲ್ಲಿ ಏಳು ಮರಿ ಎದ್ದವು. ಕುಡುಗೋಲಿನಿಂದ ಸವರಿದೆ, ಹದಿನೈದಾದವು. ಮತ್ತೆ ಸವರಿದೆ, ಎಣಿಸುವುದನ್ನು ಬಿಟ್ಟೆ. ಈ ಗಿಡದ ಬೇರಿನ ಮರಿಯನ್ನು ಕತ್ತರಿಸಬಾರದು. ನೆಲ ತೋಯಿಸಿ, ಬುಡದ ಮಣ್ಣು ಬಿಡಿಸಿ, ತಾಯಿಬೇರಿನಿಂದ ಸಿಗಿದು ಎಳೆಯಬೇಕು. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಆಮೇಲೆ ಪ್ರತಿ ಸೋಮವಾರ ಬುಡದ ಸುತ್ತ ಒಂದು ಸುತ್ತು ಹಾಕುತ್ತಿದ್ದೆ, ಬೆರಳುದ್ದ ಇರುವಾಗಲೇ ಎಳೆದರೆ ಕೈಗೆ ಬಂದುಬಿಡುತ್ತದೆ. ಗೋಡೆ, ಪೈಪು, ಚರಂಡಿ ಇವುಗಳಿಂದ ಹದಿನೈದು ಅಡಿ ದೂರವಿರಲಿ. ಗೊಬ್ಬರ ಬೇಡ, ಹೆಚ್ಚು ನೀರೂ ಬೇಡ. ಅದಕ್ಕೆ ಬೇಕಾದದ್ದು ತಡೆ ಮಾತ್ರ.

ಟೊಂಗೆ ಬಲು ಪೆಳಸು. ಮಳೆಗೆ ಮುಂಚಿನ ಗಾಳಿಗೆ ಮುರಿದು ಬೀಳುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ವಾರದಲ್ಲಿ, ಆಳೆತ್ತರದ ಕಾಂಡ ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸುತ್ತಿದ್ದೆ. ಬೇಸಿಗೆ ಬರುವಷ್ಟರಲ್ಲಿ ಕೋಲುಕೋಲಾಗಿ ಹೊಸ ಚಿಗುರು ಎದ್ದು ದಟ್ಟ ನೆರಳಾಗುತ್ತಿತ್ತು. ಕತ್ತರಿಸಿದ ಕೋಲುಗಳ ತೊಗಟೆಯನ್ನು ಪಟ್ಟಿ ಪಟ್ಟಿಯಾಗಿ ಸುಲಿದು ನೆರಳಲ್ಲಿ ಒಣಗಿಸಿ, ವರ್ಷಪೂರ್ತಿ ಬಳ್ಳಿ ಕಟ್ಟಲು ಅದನ್ನೇ ಬಳಸುತ್ತಿದ್ದೆ. ಪ್ಲಾಸ್ಟಿಕ್ ದಾರ ತರಿಸುವುದನ್ನು ನಿಲ್ಲಿಸಿದ್ದೇ ಆಗ. ಒಮ್ಮೆ ಬನಹಟ್ಟಿಯ ಮಗ್ಗದ ಮಾಲೀಕರೊಬ್ಬರು ಯಾರನ್ನೋ ಕಾಣಲು ಬಂದವರು ಆ ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ ನೋಡಿ, "ಇದನ್ನ ನೇಯ್ದ್ರ ಸೀರಿ ಹರಿಯೂದ ಇಲ್ಲ ಬಿಡ್ರಿ" ಎಂದರು. ಚಹಾ ತಂದಿದ್ದ ಅಡುಗೆಯ ಶಾಂತವ್ವ, "ಸೀರಿ ಹರಿಯೂದಿಲ್ರಿ ಧಣ್ಯಾರ, ಉಟ್ಟಾಕಿ ಹರದು ಹೋಗ್ತಾಳ" ಎಂದಳು.

ಈ ಶಾಂತವ್ವನ ವಿಷಯವೇ ನಾನು ಮುಖ್ಯವಾಗಿ ಬರೆಯಬೇಕಾದದ್ದು.

ಆಕೆ ಐಬಿಗೆ ಬಂದದ್ದು ನಾನು ನಿವೃತ್ತನಾಗುವ ಎಂಟು ವರ್ಷ ಮೊದಲು. ಬೀಳಗಿ ಕಡೆಯವಳು. ಗಂಡ ಇಲ್ಲ. ಇದ್ದೊಬ್ಬ ಮಗಳನ್ನು ರಬಕವಿಗೆ ಕೊಟ್ಟಿದ್ದಾಳೆ. ಕಾಗದದ ಗಿಡದ ಎದುರಿನ ಕೋಣೆಯಲ್ಲೇ ವಾಸ. ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ಬಂದ ಮೊದಲ ವರ್ಷವೇ ಮಾಘ ಮಾಸದಲ್ಲಿ ಕೆಮ್ಮು ಹತ್ತಿತು. ಯುಗಾದಿ ಕಳೆದ ಮೇಲೆ ಹೋಯಿತು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಬಂತು. ಮೂರನೆಯ ವರ್ಷಕ್ಕೆ ಅದು ದಮ್ಮಾಯಿತು. ಡಾಕ್ಟರು ಬಾಯಿಗೆ ಹಿಡಿದುಕೊಳ್ಳುವ ಪಂಪು ಕೊಟ್ಟರು. ಆರನೆಯ ವರ್ಷ ಹತ್ತು ಜನ ಊಟಕ್ಕೆ ಕುಳಿತಿದ್ದಾಗ, ರೊಟ್ಟಿಯ ಬುಟ್ಟಿಯನ್ನು ನೆಲಕ್ಕಿಟ್ಟು ಬಾಗಿಲಲ್ಲೇ ಕುಸಿದು ಕುಳಿತಳು. ಉಸಿರು ಸೀಟಿ ಊದಿದಂತೆ ಕೇಳುತ್ತಿತ್ತು. ನಾನು ಆಟೋ ತಂದು ಆಸ್ಪತ್ರೆಗೆ ಒಯ್ದೆ.

ಆಗಿನ ಸಾಹೇಬರು ನಮ್ಮ ಕಡೆಯವರೇ, ಕೆಟ್ಟವರಲ್ಲ. ಅವರು ಮೊಬೈಲಿನಲ್ಲಿ ಏನೋ ಓದಿ ನನ್ನನ್ನು ಕರೆದರು.

"ಆ ಕಾಗದದ ಗಿಡಾ ಐತಲ್ರಿ, ಅದರ ಹೂವಿನ ಪುಡಿಯಿಂದ ದಮ್ಮು ಬರತೈತಂತ. ದೊಡ್ಡ ದೊಡ್ಡ ಊರಾಗ ಅದನ್ನ ಕಡಿಸ್ಯಾರಂತ. ಪರವಾನಗಿಗೆ ಬರೀತೇನಿ. ತಗದಬಿಡ್ರಿ. ಬರೂ ವರ್ಷನೂ ಆಕಿ ಹಿಂಗ ಬಿದ್ಲು ಅಂದ್ರ ಅಡಗಿಗೆ ಬ್ಯಾರೆಯವರನ್ನ ನೋಡಬೇಕಾಕ್ಕತಿ. ಬಂದೋರು ಗಾಬರಿ ಆಗ್ತಾರ."

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಆ ಗಿಡವನ್ನು ತರಿಸಿದವನು ನಾನು. ಆಕೆಯ ಕೋಣೆಯ ಎದುರು ನೆಟ್ಟವನು ನಾನು. ಆರು ವರ್ಷ ನನ್ನ ಕೈಯಾರೆ ಒಬ್ಬಳ ಉಸಿರು ಕಟ್ಟಿಸಿದೆನೆ? ಆ ಕೆಲಸ ಬಿಟ್ಟರೆ ಆಕೆಗೆ ಇರಲು ಕೋಣೆಯೂ ಇಲ್ಲ.

ಗಿಡ ಕಡಿಯುವ ಪರವಾನಗಿ ಹಲವು ಮೇಜು ದಾಟಿ ಕೈಸೇರಿದಾಗ ಸಂಕ್ರಾಂತಿ ಮುಗಿದಿತ್ತು. ನಾನು ಕೊಡಲಿ ಮಸೆದುಕೊಂಡು ಹೋದೆ. ಶಾಂತವ್ವ ಅಕ್ಕಿ ಆರಿಸುತ್ತ ಕಟ್ಟೆಯ ಮೇಲೆ ಕುಳಿತಿದ್ದಳು.

"ನಿಂದರ್ರಿ ಅಣ್ಣಾರ" ಎಂದಳು. "ಇವತ್ತ ಗಿಡಾ ಕಡೀತೀರಿ. ಬರೂ ಹುಣ್ಣಿವಿಗೆ ನಾ ಮತ್ತ ಕೆಮ್ಮಿದೆ ಅಂದ್ರ?"

"ಯಾಕ ಕೆಮ್ಮತಿ? ಗಿಡಾನ ಇರೂದಿಲ್ಲಲ್ಲ."

"ಅದನ್ನ ಹೇಳಾಕತ್ತೇನಿ ನಾನೂ. ಗಿಡಾ ಇರೂದಿಲ್ಲ. ಆಮ್ಯಾಲ ತಗದ ಹಾಕಾಕ ಉಳಿದಾಕಿ ನಾ ಒಬ್ಬಾಕಿನ. ಮದಲ ತಪ್ಪು ಯಾರದು ಅಂತ ಖರೆ ಗೊತ್ತಾಗ್ಲಿ, ಆಮ್ಯಾಲ ಕೊಡಲಿ ಎತ್ರಿ."

ಇಷ್ಟು ನೆಟ್ಟಗೆ ಯೋಚಿಸಿದ ಮಾತನ್ನು ನಾನು ಯಾವ ಸಾಹೇಬರ ಬಾಯಿಂದಲೂ ಕೇಳಿರಲಿಲ್ಲ. ಕೊಡಲಿ ಇಳಿಸಿದೆ. ಮಧ್ಯಾಹ್ನ ಇಬ್ಬರೂ ಆಸ್ಪತ್ರೆಯ ಡಾಕ್ಟರ್ ಮೇಡಮ್ ಹತ್ತಿರ ಹೋದೆವು. ವಯಸ್ಸು ಚಿಕ್ಕದು, ಆದರೆ ಪೂರ್ತಿ ಕೇಳಿಸಿಕೊಳ್ಳುವ ಹೆಣ್ಣುಮಗಳು.

"ಪುಡಿ ಬರೂದು ಗಂಡು ಗಿಡದಿಂದ ಅಷ್ಟ ರೀ ಕಾಕಾ. ಪಪಾಯಿ ಹಂಗ ಇದರಾಗೂ ಗಂಡು ಬ್ಯಾರೆ, ಹೆಣ್ಣು ಬ್ಯಾರೆ. ನಿಮ್ಮದು ಯಾವುದು?"

ಹತ್ತಕ್ಕೂ ಹೆಚ್ಚು ವರ್ಷ ಸಾಕಿದ ಗಿಡ. ಗಂಡೋ ಹೆಣ್ಣೋ ಗೊತ್ತಿಲ್ಲ. ಅದು ಹೂ ಬಿಟ್ಟದ್ದನ್ನೇ ನಾನು ನೋಡಿರಲಿಲ್ಲ. ಹೇಗೆ ನೋಡಲಿ? ಹೂ ಬಿಡುವ ಟೊಂಗೆಯನ್ನು ಪ್ರತಿ ಸಂಕ್ರಾಂತಿಗೆ ತಪ್ಪದೆ ಕತ್ತರಿಸುತ್ತಿದ್ದೆ.

ಅದನ್ನು ಹೇಳಿದಾಗ ಮೇಡಮ್ ಪೆನ್ನು ಕೆಳಗಿಟ್ಟರು. "ಹೂವ ಇಲ್ಲಂದ್ರ ಪುಡಿ ಎಲ್ಲಿಂದ ಬರಬೇಕು? ಇಲ್ಲಾ, ಎಲ್ಲೋ ಮ್ಯಾಲಿನ ಟೊಂಗ್ಯಾಗ ನಿಮ್ಮ ಕಣ್ಣಿಗೆ ಬೀಳಧಂಗ ಬಿಟ್ಟಿರಬೇಕು. ನೋಡಧ ಹೇಳಾಕ ಆಗೂದಿಲ್ಲ. ಈ ಸಲ ಕತ್ತರಸಬ್ಯಾಡ್ರಿ. ಗಂಡು ಹೂ ಉದ್ದ ಇರತಾವ, ಹುಳದಂಗ ಜೋತ ಬೀಳತಾವ. ಹೆಣ್ಣು ಹೂ ಗುಂಡಗ, ಕಡ್ಲಿಕಾಳಿನಷ್ಟ. ಮಗ್ಗಿ ಇದ್ದಾಗನ ಗೊತ್ತಾಕ್ಕತಿ. ಉದ್ದ ಕಂಡ್ರ ಅವು ಅರಳೂದ್ರಾಗ ಕಡದ ಹಾಕ್ರಿ."

ಸಾಹೇಬರು ಹೋಳಿಯವರೆಗೆ ಗಡುವು ಕೊಟ್ಟರು. ಹೀಗೆ ನನ್ನ ನೌಕರಿಯಲ್ಲಿ ಮೊದಲ ಸಲ ಪಟ್ಟಿಯಲ್ಲಿದ್ದ ಕೆಲಸವೊಂದನ್ನು ಮಾಡದೆ ಬಿಟ್ಟೆ. ಆ ವಾರವೆಲ್ಲ ಕೈ ಕಟ್ಟಿದಂತಾಗಿತ್ತು. ಬೋಳು ಟೊಂಗೆಗಳನ್ನು ನೋಡಿದಾಗಲೆಲ್ಲ ಕತ್ತರಿ ನೆನಪಾಗುತ್ತಿತ್ತು.

ದಿನಾ ಬೆಳಿಗ್ಗೆ ಆರೂವರೆಗೆ ಏಣಿ ಹಚ್ಚಿ, ಕನ್ನಡಕ ಹಾಕಿಕೊಂಡು, ನಾಲ್ಕು ದಿಕ್ಕಿನ ನಾಲ್ಕು ಟೊಂಗೆ ನೋಡುತ್ತಿದ್ದೆ. ಶಾಂತವ್ವ ಕೆಳಗೆ ನಿಂತು ಕೇಳುತ್ತಿದ್ದಳು, "ಏನ್ರಿ ಅಣ್ಣಾರ, ಗಂಡೋ ಹೆಣ್ಣೋ?"

"ಮದಲ ಹೇಳೂದು ಕಾಯ್ದೆಕ್ಕ ವಿರುದ್ಧ ಐತೆವಾ."

"ಹೆಣ್ಣಾದ್ರ ಪೇಢೆ ನಂದು. ಗಂಡಾದ್ರ ಕೊಡಲಿ ನಿಮ್ಮದು."

ನಗುತ್ತಿದ್ದಳು, ಆದರೆ ಆಕೆಯ ಕೈಯಲ್ಲಿ ಪಂಪು ಇರುತ್ತಿತ್ತು. ಮಾಘ ಕಳೆಯುತ್ತ ಬಂದಂತೆ ನಾನು ಸಂಜೆಯೂ ಒಮ್ಮೆ ಏಣಿ ಹತ್ತತೊಡಗಿದೆ. ಒಂದು ಬೆಳಿಗ್ಗೆ ತೆಂಕಣ ಟೊಂಗೆಯ ತುದಿಯಲ್ಲಿ ಹಸಿರಾಗಿ, ಉದ್ದಕ್ಕೆ, ಜೋತುಬಿದ್ದದ್ದು ಕಂಡಿತು. ಹುಳದ ಹಾಗೆಯೇ. "ಶಾಂತವ್ವಾ, ಒಳಗ ಹೋಗಿ ಬಾಗಿಲಾ ಹಾಕ್ಕೊ. ಉದ್ದಂದು ಬಂದೈತಿ" ಎಂದು ಕೂಗಿ, ಇಳಿದು ಕೊಡಲಿ ತಂದೆ. ಮತ್ತೆ ಏರಿ ಟೊಂಗೆ ಹಿಡಿದೆ. ಅದು ಮೆಲ್ಲಗೆ ತಲೆ ಎತ್ತಿ ಮುಂದಿನ ಕಡ್ಡಿಗೆ ನಡೆದುಕೊಂಡು ಹೋಯಿತು. ಹುಳವೇ! ಕಿಟಕಿಯಿಂದ ನೋಡುತ್ತಿದ್ದ ಶಾಂತವ್ವ, "ಅದು ಗಂಡೋ ಹೆಣ್ಣೋ ಅದನ್ನೂ ನೋಡಬಿಡ್ರಿ" ಎಂದಳು.

ಹೋಳಿಗೆ ಇನ್ನು ಎರಡು ದಿನವಿತ್ತು. ಆ ಬೆಳಿಗ್ಗೆ ಮೂಡಣ ಟೊಂಗೆಯ ಎಳೆ ಎಲೆಗಳ ಬುಡದಲ್ಲಿ ಗುಂಡಗಿನದೊಂದು ಕಂಡಿತು. ಕಡಲೆಕಾಳಿನಷ್ಟು. ಮೈತುಂಬ ಸಣ್ಣ ಸಣ್ಣ ಎಳೆ, ಮಗ್ಗದಿಂದ ಉದುರಿದ ನೂಲಿನ ಚೂರುಗಳನ್ನು ಉಂಡೆ ಕಟ್ಟಿದ ಹಾಗೆ. ಪಕ್ಕದಲ್ಲಿ ಇನ್ನೊಂದು, ಅದೂ ಗುಂಡು. ಏಣಿ ಸರಿಸಿ ನಾಲ್ಕೂ ದಿಕ್ಕು ನೋಡಿದೆ. ಎಲ್ಲೂ ಉದ್ದದ್ದಿಲ್ಲ. ಒಂದು ಚಿಗುರು ಮುರಿದುಕೊಂಡು ಆಟೋ ಹತ್ತಿ ಮೇಡಮ್ ಮುಂದೆ ಇಟ್ಟೆ. ಅವರು ನೋಡಿ, ಮೊಬೈಲಿನ ಚಿತ್ರಕ್ಕೆ ಹೋಲಿಸಿ, "ಹೆಣ್ಣ ಐತ್ರಿ ಕಾಕಾ. ಇದರಿಂದ ಏನೂ ಆಗಿಲ್ಲ" ಎಂದರು. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ನೀರು ತರಿಸಿ ಕೊಟ್ಟರು.

ಶಾಂತವ್ವನಿಗೆ ಹೇಳಿದಾಗ ಆಕೆ ಗಿಡವನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣು ಅಂತ ಗೊತ್ತಿಲ್ಲಧ ಎಲ್ಲಾರೂ ಸೇರಿ ಆಕಿ ಮ್ಯಾಲ ಅಪವಾದ ಹಾಕಿದ್ರಿ ನೋಡ್ರಿ" ಎಂದಳು. ನಾನೂ ನಕ್ಕೆ. ನಗು ನಿಂತ ಮೇಲೆ ಒಂದು ವಿಷಯ ಹೊಳೆಯಿತು. ಆಕೆ ಇಷ್ಟು ಹೊತ್ತು ನಕ್ಕರೂ ಕೆಮ್ಮಿರಲಿಲ್ಲ.

ಮರುದಿನ ಆಕೆಯನ್ನೂ ಮೇಡಮ್ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆ, ಬೆನ್ನು ಎರಡೂ ಕಡೆ ಕೇಳಿ, "ಈ ಸಲ ಪಂಪು ಎಷ್ಟ ಸಲಾ ತಗೊಂಡೀರಿ?" ಎಂದರು.

"ಎರಡ ಸಲಾರಿ. ಅದೂ ಮನಸಿನ ಅಂಜಿಕಿಗೆ."

"ಎದಿ ಸ್ವಚ್ಛ ಐತಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಏನ್ ಬದಲಾಗೇತಿ? ಊಟಾ? ಹಾಸಿಗಿ?"

"ಏನೂ ಇಲ್ರಿ. ಅದ ಅಡಗಿ, ಅದ ಕೋಣಿ. ಈ ಸಲ ಜಳಕಕ್ಕ ಸೋಲಾರಿನ ನೀರ ತರಾಕತ್ತೇನಿ. ಅಣ್ಣಾರು ಗಿಡಾ ಸವರಲಿಲ್ಲಲ್ರಿ, ಕಟ್ಟಿಗಿ ಬರಲಿಲ್ಲ."

ಮೇಡಮ್ ನನ್ನತ್ತ ತಿರುಗಿದರು. "ಏನ್ ಕಟ್ಟಿಗಿ ರೀ ಕಾಕಾ?"

ಹೇಳಿದೆ. ಹೇಳುತ್ತಿದ್ದ ಹಾಗೆ ನನಗೇ ತಿಳಿಯುತ್ತ ಹೋಯಿತು. ಸವರಿದ ಟೊಂಗೆ ನೆಲದ ಮೇಲೆ ಎರಡು ದಿನಕ್ಕಿಂತ ಹೆಚ್ಚು ಬಿದ್ದಿರಬಾರದು ಎಂಬುದು ನನ್ನ ಶಿಸ್ತು. ತೊಗಟೆ ಸುಲಿದ ಮೇಲೆ ಉಳಿದ ಹಸಿ ಕೋಲುಗಳನ್ನು ಹೊರೆ ಕಟ್ಟಿ, ಪಾಪ ಒಬ್ಬಳೇ ಇದ್ದಾಳೆ, ನೀರು ಕಾಸಲಿ ಎಂದು ಆಕೆ ಬಂದ ವರ್ಷದಿಂದ ಆಕೆಯ ಬಚ್ಚಲ ಗೋಡೆಗೆ ಒಟ್ಟಿಬರುತ್ತಿದ್ದೆ. ಕಿಟಕಿಯಿಲ್ಲದ ಬಚ್ಚಲು. ಮಾಘದಿಂದ ಯುಗಾದಿಯವರೆಗೆ, ಆ ಕಟ್ಟಿಗೆ ಮುಗಿಯುವ ತನಕ, ಆಕೆ ಬಚ್ಚಲ ಒಲೆಯಲ್ಲಿ ಅದನ್ನೇ ಉರಿಸುತ್ತಿದ್ದಳು.

"ಹಸಿ ಕಟ್ಟಿಗಿ ಹೊಗಿ, ಬಾಗಿಲಾ ಹಾಕಿದ ಬಚ್ಚಲದಾಗ, ಎರಡ ತಿಂಗಳ" ಎಂದು ಮೇಡಮ್ ಬರೆದುಕೊಂಡರು. "ಗಿಡದ್ದಲ್ಲ ತಪ್ಪು, ಒಲಿದು. ಇನ್ನ ಮ್ಯಾಲ ಒಲಿ ಹಚ್ಚಬ್ಯಾಡ್ರಿ. ಆದ್ರೂ ಪಂಪು ಕೈಯಾಗ ಇರಲಿ."

ಆಟೋದಲ್ಲಿ ಬರುವಾಗ ಶಾಂತವ್ವನಿಗೆ ಕೇಳಿದೆ. "ಕಣ್ಣು ಉರಿಯೂದು ಗೊತ್ತಾಗತಿದ್ದಿಲ್ಲೇನವಾ? ಸೋಲಾರಿನ ನೀರು ಅವಾಗೂ ಇತ್ತಲ್ಲ?"

"ಗೊತ್ತಾಗತಿತ್ರಿ. ಆದ್ರ ನೀವು ಅಷ್ಟ ಪ್ರೀತೀಲೆ ಹೊರಿ ಕಟ್ಟಿ ತಂದ ಒಟ್ಟತಿದ್ರಿ. ಉರಸಲಿಲ್ಲಂದ್ರ ನಿಮಗ ಬ್ಯಾಸರಾಗೂದಿಲ್ಲೇನು?" ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗಲು ಶುರುಮಾಡಿದಳು. "ಆರ ವರ್ಷ ತಂಗಿಗೆ ಹೊಗಿ ಹಾಕಿದ್ರಲ್ಲೋ ಅಣ್ಣಾ!"

ನಾನು ಕೈ ಮುಗಿದೆ. ಮುಗಿದ ಕೈಯನ್ನು ಆಕೆ ಹಿಡಿದು ಕೆಳಗಿಳಿಸಿದಳು.

ಸಾಹೇಬರ ಮುಂದೆ ಇಬ್ಬರೂ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ನಾನು ಒಂದು ಹಾಳೆಯಲ್ಲಿ ಬರೆದೂ ಕೊಟ್ಟೆ, ತಪ್ಪು ನನ್ನದು ಎಂದು. ಅವರು ಓದಿ, ಪರವಾನಗಿಯ ಕಾಗದವನ್ನೂ ನನ್ನ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡರು.

"ಗಿಡಾ ತಗೀಬ್ಯಾಡ, ಶಾಂತವ್ವನ್ನ ತಗೀಬ್ಯಾಡ. ಹಂಗಾದ್ರ ನಾ ಈಗ ಯಾರನ್ನ ತಗೀಬೇಕ್ರಿ?"

"ಒಲಿ ತಗೀರಿ ಸಾಹೇಬ್ರ" ಎಂದಳು ಶಾಂತವ್ವ.

ಒಲೆ ತೆಗೆಸಿದರು. ಬಚ್ಚಲಿಗೆ ಕಿಟಕಿ ಒಡೆಸಿ, ಸೋಲಾರಿನ ಪೈಪನ್ನು ಅಲ್ಲಿಯ ತನಕ ಎಳೆಸಿದರು. ನಾನು ಪೇಢೆ ತಂದೆ, ಮಾತಿನ ಪ್ರಕಾರ ಅದು ಆಕೆಯ ಪಾಳಿ ಆಗಿದ್ದರೂ.

ಗಿಡದ ಗುಂಡು ಹೂಗಳು ಹತ್ತಿರದಲ್ಲಿ ಗಂಡು ಗಿಡವಿಲ್ಲದೆ ಹಣ್ಣಾಗಲಿಲ್ಲ, ಒಣಗಿ ಉದುರಿದವು. ಮರುವರ್ಷ ಮತ್ತೆ ಸವರಿದೆ, ಈ ಸಲ ಮೂರರಲ್ಲಿ ಒಂದು ಪಾಲು ಮಾತ್ರ. ಕೋಲುಗಳನ್ನು ತಗಡಿನ ಕೆಳಗೆ ಅಡ್ಡಡ್ಡ ಒಟ್ಟಿದೆ, ಪೂರ್ತಿ ಒಣಗಿದ ಮೇಲೆ ಬಳ್ಳಿಗಳಿಗೆ ಊರುಗೋಲಾದವು. ಹೊಸಬರಿಗೆ ನಾನು ಹೇಳುವುದಿಷ್ಟು: ನಿಮ್ಮ ತೋಟದಿಂದ ಹೊರಗೆ ಹೋದ ಹೊರೆ ಎಲ್ಲಿಗೆ ಹೋಯಿತು, ಅಲ್ಲಿ ಏನಾಯಿತು ಎಂದು ಒಮ್ಮೆ ಹೋಗಿ ನೋಡಿ. ನನ್ನ ವಾರದ ಪಟ್ಟಿಯಲ್ಲಿ ಆ ಕೆಲಸಕ್ಕೆ ದಿನವೇ ಇರಲಿಲ್ಲ.

ಆ ಮರುವರ್ಷದ ಮಾಘದಲ್ಲಿ ಒಂದು ದಿನ ನಾನು ಗೇಟಿನ ಬಳಿ ಪಾತಿ ಮಾಡುತ್ತಿದ್ದೆ. ಅಡುಗೆಮನೆ ಅಲ್ಲಿಂದ ತೋಟದ ಇನ್ನೊಂದು ತುದಿ. "ಅಣ್ಣಾರ, ಚಾ ಆರಾಕತ್ತೈತಿ, ಲಗೂನ ಬರ್ರೀ!" ಎಂಬ ಕೂಗು ತೋಟ ದಾಟಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನೂ ತಿರುಗಿ ನೋಡಿದ. ಏಳು ವರ್ಷ ಒಂದೇ ಆವರಣದಲ್ಲಿದ್ದು, ಆಕೆಯ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಕೈ ತೊಳೆದುಕೊಳ್ಳುವುದು ತುಸು ತಡವಾಯಿತು. ಅಷ್ಟರಲ್ಲಿ ಆಕೆ ಇನ್ನೊಮ್ಮೆ ಕೂಗಿದಳು, ಮೊದಲಿಗಿಂತ ಜೋರಾಗಿ.